ಖಾಲಿ ಕೊಡದ ಹೆಂಗಸು

“ಆಕಿ ದಾಟಿ ಹೋಗೋತನಕ ವಿಡಿಯೋ ನಿಂದರಿಸಬ್ಯಾಡ್ರಿ. ಎಲ್ಲಿ ನಿಂದರಿಸ್ತೀರಿ, ಅಲ್ಲೇ ಉಳೀತಾಳ,” ಎಂದಳು ಅಂಜನಾಬಾಯಿ.

ಪಂಢರಿಗೆ ನಗು ತಡೆಯಲಾಗಲಿಲ್ಲ. ಪುಣೆಯಲ್ಲಿ ಕಂಪ್ಯೂಟರ್ ಕಲಿತು ಬಂದು ಬೀದರಿನ ನೌಬಾದದಲ್ಲಿ ಹೊಸದಾಗಿ ಸ್ಟುಡಿಯೋ ತೆರೆದವನು ಅವನು. ಮಳೆ ಮುಖ ತೋರಿಸದ ವರ್ಷಗಳು. ಊರು ಬಿಡುವವರು ಮದುವೆಯ ಸಿಡಿ ತಂದು, ಅದರೊಳಗಿನ ತಮ್ಮವರ ಮುಖವನ್ನು ಫೋಟೋ ಮಾಡಿಸಿಕೊಂಡು ಹೋಗುತ್ತಿದ್ದರು. ಔರಾದ ಕಡೆಯ ಅಂಜನಾಬಾಯಿಗೆ ಬೇಕಾಗಿದ್ದು ತೀರಿಹೋದ ಗಂಡ ಮಚ್ಛೇಂದ್ರನ ಮುಖ. ಪಾಪ, ಹಾರ ಹಾಕಲು ಒಂದು ಫೋಟೋ ಕೂಡ ಇರಲಿಲ್ಲ.

ಅವಳು ದನಿ ತಗ್ಗಿಸಿ ಕತೆ ಹೇಳಿದಳು. ಹಿಂದೊಂದು ಬರಗಾಲದಲ್ಲಿ ಕೇಶರಬಾಯಿ ಎಂಬವಳು ಭಾನಾಮತಿಯ ಮಾಟ ಮಾಡುತ್ತಾಳೆಂದು ಊರವರು ಅವಳನ್ನು ಬಾವಿಯ ಬಳಿ ತಡೆದು ನಿಲ್ಲಿಸಿದ್ದರು. ನೀರು ಮುಟ್ಟಗೊಡಲಿಲ್ಲ. ನನ್ನನ್ನು ನಿಲ್ಲಿಸಿದವರ ಹೊಸ್ತಿಲಲ್ಲೇ ನಿಲ್ಲುತ್ತೇನೆ ಎಂದು ಮಣ್ಣು ತೂರಿ ಶಪಿಸಿ, ಬಾವಿಕಟ್ಟೆಯ ಮೇಲೆಯೇ ಸತ್ತಳು. ಅಂದಿನಿಂದ ಆ ಊರಿನ ಮದುವೆಯ ವಿಡಿಯೋಗಳಲ್ಲಿ ಖಾಲಿ ಕೊಡ ಹಿಡಿದು ಹಾದುಹೋಗುತ್ತಾಳೆ.

“ಕಂಪ್ಯೂಟರಿಗೆ ಭಾನಾಮತಿ ಹತ್ತಂಗಿಲ್ರಿ ಅಕ್ಕಾ,” ಎಂದ ಪಂಢರಿ.

ಮದುವೆಯುದ್ದಕ್ಕೂ ಮಚ್ಛೇಂದ್ರನ ಮುಖವನ್ನು ಬಾಸಿಂಗ ಮುಚ್ಚಿತ್ತು. ಬೆವರು ಒರೆಸಲು ಒಮ್ಮೆ ಮಾತ್ರ ಅದನ್ನು ಸರಿಸಿದ. ಅದೇ ಗಳಿಗೆಯಲ್ಲಿ ಅವನ ಹಿಂದೆ ಕೊಡ ಹಿಡಿದ ಒಬ್ಬ ಹೆಂಗಸು ಹಾಯುತ್ತಿದ್ದಳು. ಪಂಢರಿ ಅಲ್ಲೇ ನಿಲ್ಲಿಸಿ ಚಿತ್ರ ಉಳಿಸಿಕೊಂಡ. ಹೆಂಗಸಿನ ಭಾಗ ಕತ್ತರಿಸಿ, ಗಂಡನ ಮುಖವನ್ನಷ್ಟೇ ಅಚ್ಚು ಹಾಕಿ ಕೊಟ್ಟ. ಅಂಜನಾಬಾಯಿ ಫೋಟೋವನ್ನು ಎದೆಗೊತ್ತಿಕೊಂಡು, ಸಿಡಿ ತೆಗೆದುಕೊಂಡು ಪುಣೆಯ ಬಸ್ಸು ಹತ್ತಿದಳು. ಜಾಗ ಉಳಿಯಲೆಂದು ಅವನು ಎಂದಿನಂತೆ ಕಂಪ್ಯೂಟರಿಗೆ ಇಳಿಸಿಕೊಂಡಿದ್ದ ವಿಡಿಯೋ ಅಳಿಸಿಹಾಕಿದ. ನಿಂತವಳು ಮುಂದೆ ನಡೆದುಹೋಗಲು ಇದ್ದ ದಾರಿಯೂ ಅದರೊಂದಿಗೆ ಅಳಿಸಿಹೋಯಿತು.

ಮಧ್ಯಾಹ್ನ ಬಿಸಿಲಿಗೆ ಶಟರ್ ಅರ್ಧ ಇಳಿಸಿ ಕುಳಿತ. ಅಂಗಡಿಯೊಳಗೆ ಕತ್ತಲು. ಬತ್ತಿದ ಬಾವಿಯ ಪಾಚಿಯ ವಾಸನೆ. ಎಲ್ಲೋ ತಾಮ್ರದ ಕೊಡ ಗೋಡೆಗೆ ತಾಗಿದ ಸದ್ದು. ಕತ್ತರಿಸುವ ಮೊದಲು ಉಳಿಸಿದ್ದ ಇಡೀ ಚಿತ್ರವನ್ನು ತೆರೆದ. ಮಚ್ಛೇಂದ್ರ ಒಬ್ಬನೇ ಇದ್ದ. ಹಿಂದಿನ ಹೆಂಗಸು ಇರಲಿಲ್ಲ.

ಈಗ ಅವನಿಗೆ ನಿಜಕ್ಕೂ ಹೆದರಿಕೆಯಾಯಿತು. ಬಸುರಿ ಹೆಂಡತಿ ಅನುಸೂಯಾ ಭಾಲ್ಕಿಯ ತವರಿನಲ್ಲಿದ್ದಳು. ಅವಳ ಮುಖ ಕಂಡರೆ ಸಮಾಧಾನವಾದೀತೆಂದು ಅಲ್ಲೇ ಮಾಡಿದ್ದ ಅವಳ ಸೀಮಂತದ, ಕುಬಸದ ವಿಡಿಯೋ ಹಚ್ಚಿದ. ಹಸಿರು ಸೀರೆ. ಕೈತುಂಬ ಬಳೆ. ಅವಳ ಬೆನ್ನ ಹಿಂದೆ ತೆರೆದ ಬಾಗಿಲು. ಬಾಗಿಲಾಚೆ ಅಂಗಳ. ಅಂಗಳದಲ್ಲಿ ಒಬ್ಬಳು. ಖಾಲಿ ಕೊಡ. ಬರುತ್ತಿದ್ದಳು. ಹೊಸ್ತಿಲಿಗೆ ಬಂದಳು. ಬೆದರಿದ ಪಂಢರಿಯ ಬೆರಳು ಕಸುಬಿನ ಅಭ್ಯಾಸಕ್ಕೆ ಗುಂಡಿ ಒತ್ತಿಬಿಟ್ಟಿತು.

ಚಿತ್ರ ನಿಂತಿತು. ಅವಳೂ ನಿಂತಳು.

ಮತ್ತೆ ಓಡಿಸಿದರೆ ಒಳಗೆ ಕಾಲಿಡುತ್ತಾಳೆ. ಬಿಟ್ಟರೆ ಅಲ್ಲೇ ಉಳಿಯುತ್ತಾಳೆ. ಅಷ್ಟರಲ್ಲಿ ಫೋನ್ ರಿಂಗಾಯಿತು. ಅನುಸೂಯಾ.

“ಯಾರೋ ಒಬ್ಬಾಕಿ ಬಂದು ಬಾಗಿಲಾಗ ನಿಂತಿದ್ಳರಿ. ಮಾತಿಲ್ಲ, ಕತಿ ಇಲ್ಲ. ಬರೇ ಕೊಡ ತೋರಸ್ತಿದ್ಳು. ಇಂಥ ಬಿಸಿಲಾಗ ನೀರಿಗೆ ಇಲ್ಲ ಅನ್ನಬಾರ್ದಂತ…”

“ಒಳಗ ಕರೀಬ್ಯಾಡ.” ಪಂಢರಿ ಕೂಗಿದ.

“ಕರ್ದೆನಲ್ರಿ,” ಎಂದಳು ಅವಳು.

ಪಂಢರಿ ಪರದೆಯತ್ತ ನೋಡಿದ. ಯಾರೂ ಮುಟ್ಟಿರಲಿಲ್ಲ, ವಿಡಿಯೋ ನಿಂತೇ ಇತ್ತು. ಹೊಸ್ತಿಲು ಬರಿದಾಗಿತ್ತು. ಹಸಿರು ಸೀರೆಯ ಅನುಸೂಯಾಳ ಮಡಿಲಲ್ಲಿ ಖಾಲಿ ಕೊಡವಿತ್ತು.