ಶುಕ್ರವಾರದ ತಪ್ಪುಗಳು

ಜೂನ್ ತಿಂಗಳಲ್ಲಿ ವೀಕ್ಷಾ ಬೇಕೆಂದೇ ತಪ್ಪು ಬರೆಯತೊಡಗಿದಳು. ಪ್ರೀತಿಯಲ್ಲಿ ಬಿದ್ದವರು ಏನೇನೋ ಮಾಡುತ್ತಾರೆ. ಈ ಪುಣ್ಯಾತ್ಗಿತ್ತಿ ಮಾಡಿದ್ದು ಇದು.

ತಾಂಬರಂನ ಒಂದು ಲ್ಯಾಬಿನಲ್ಲಿ ಕಲಾವತಿ ಮೇಡಂ, ಎಳೆಗೂಸುಗಳು ಮುಖ ಗುರುತಿಸಲು ಹೇಗೆ ಕಲಿಯುತ್ತವೆ ಎಂದು ಸಂಶೋಧನೆ ಮಾಡುತ್ತಿದ್ದರು. ಅಮ್ಮನ ಮಡಿಲಲ್ಲಿ ಕೂತ ಕೂಸಿನ ಎದುರು ಎರಡು ಮುಖದ ಚಿತ್ರ, ಒಂದು ಮೊದಲೇ ಕಂಡದ್ದು, ಒಂದು ಹೊಸದು. ಹೊಸದನ್ನು ಹೆಚ್ಚು ಹೊತ್ತು ನೋಡಿದರೆ ಕೂಸಿಗೆ ವ್ಯತ್ಯಾಸ ತಿಳಿಯಿತೆಂದು ಅರ್ಥ. ಅದು ಬೇರೆಲ್ಲೋ ಕಣ್ಣು ತಿರುಗಿಸಿ ಎರಡು ಸೆಕೆಂಡ್ ಕಳೆದರೆ ಆ ಸುತ್ತು ಮುಗಿದಂತೆ. ಆ ವಿಡಿಯೋ ನೋಡಿ, ಕಣ್ಣು ಎಡಕ್ಕೋ ಬಲಕ್ಕೋ ಎಂದು ಬರೆಯುವುದು ವೀಕ್ಷಾ ಮತ್ತು ಮಿಥುನ್‌ರ ಕೆಲಸ. ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಬರೆಯಬೇಕು. ತಾಳೆಯಾಗದ ಕಡೆಗಳನ್ನು ಮಾತ್ರ ಶುಕ್ರವಾರ ಒಟ್ಟಿಗೆ ಕೂತು ನೋಡಬೇಕು.

ಗ್ರಹಚಾರ ನೋಡಿ, ಇವರದು ಎಲ್ಲವೂ ತಾಳೆಯಾಗುತ್ತಿತ್ತು. ಹತ್ತೇ ನಿಮಿಷಕ್ಕೆ ಮಿಥುನ್ ಬ್ಯಾಗ್ ಹೆಗಲಿಗೇರಿಸಿಬಿಡುತ್ತಿದ್ದ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಒಂದಿಷ್ಟು ಹೆಚ್ಚು ಕಿರಿದಾಗುತ್ತದೆ ಎಂಬುದನ್ನು ಪತ್ತೆಹಚ್ಚಿದ್ದವಳಿಗೆ ಹತ್ತು ನಿಮಿಷ ಯಾವ ಮೂಲೆಗೆ? ವಾರಕ್ಕೆ ನಾಲ್ಕೈದು ಕಡೆ ಎಡವನ್ನು ಬಲ ಮಾಡಿದಳು. ಶುಕ್ರವಾರ ಕಳೆದ ಮೇಲೆ ಗುಟ್ಟಾಗಿ ಸರಿಪಡಿಸುತ್ತಿದ್ದಳು. ಯಾರಿಗೇನು ನಷ್ಟ ಎಂದುಕೊಂಡಳು.

ಶುಕ್ರವಾರಗಳು ಉದ್ದವಾದವು.

"ಇದು ಎಡ ಅಲ್ವಾ ಮಾರಾಯ್ತಿ?"

"ಬಲ. ಸರಿಯಾಗಿ ನೋಡು."

ಅವನು ಪರದೆಯತ್ತ ಬಾಗುತ್ತಿದ್ದ, ತೋಳಿಗೆ ತೋಳು ತಾಗುತ್ತಿತ್ತು. ಎರಡು ಲೋಟ ಕಾಫಿ ಆರಿ ತಣ್ಣಗಾಗುತ್ತಿತ್ತು.

"ಇರ್ಬಹುದು. ನಂಗೇ ಕಾಣ್ಲಿಲ್ಲ," ಎಂದು ಕೊನೆಗೆ ಸೋಲುತ್ತಿದ್ದ. ಆ ಸೋಲನ್ನು ಅವಳು ಪ್ರೀತಿಯೆಂದೇ ಓದಿಕೊಂಡಳು. ಕೂಸುಗಳ ಕಣ್ಣು ಓದಿ ಸಂಬಳ ತಗೊಳ್ಳುವವಳು, ಅವನ ಕಣ್ಣಿನಲ್ಲಿದ್ದ ಭಯವನ್ನು ಓದಲಿಲ್ಲ.

ಸೆಪ್ಟೆಂಬರಿನ ಒಂದು ಸೋಮವಾರ ಅವನ ಕುರ್ಚಿ ಖಾಲಿಯಿತ್ತು. ರಾಜೀನಾಮೆ ಕೊಟ್ಟ ಎಂದರು ಮೇಡಂ. ಹೋಟೆಲಿನಲ್ಲಿ ಕ್ಯಾಶಿಯರ್ ಆಗಿದ್ದ ಅವನ ಅಪ್ಪ ನಲವತ್ತೈದಕ್ಕೇ ದೃಷ್ಟಿ ಕಳೆದುಕೊಂಡವರಂತೆ. ತನಗೂ ಅದೇ ಶುರುವಾಗಿದೆ, ತನ್ನಿಂದ ಮಕ್ಕಳ ಸಂಶೋಧನೆ ಹಾಳಾಗಬಾರದು ಎಂದನಂತೆ. ಕಣ್ಣಿನ ಡಾಕ್ಟರು ಏನೂ ತೊಂದರೆಯಿಲ್ಲ ಎಂದರೂ ನಂಬಲಿಲ್ಲವಂತೆ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ವೀಕ್ಷಾ ನಿಂತಲ್ಲೇ ಮೇಡಂಗೆ ಎಲ್ಲವನ್ನೂ ಹೇಳಿದಳು. ಮೇಡಂ ಬೈಯಲಿಲ್ಲ, ನಾಳೆಯಿಂದ ಬರುವುದು ಬೇಡ, ಮೊದಲು ಅವನಿಗೆ ಹೇಳು ಎಂದರು.

ಫೋನು ಮಾಡಿದಾಗ ಮಿಥುನ್ ತಾಂಬರಂ ಸ್ಟೇಷನ್ನಿಗೆ ಬಂದ. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತು ಅವಳು ಒಂದನ್ನೂ ಮುಚ್ಚಿಡದೆ ಹೇಳಿದಳು: ಜೂನ್‌ನಿಂದ ಆದ ತಪ್ಪುಗಳೆಲ್ಲ ತನ್ನವು, ಅವನು ಬರೆದದ್ದೆಲ್ಲ ಸರಿ.

ಹಳಿಗಳಾಚೆಯ ಗೋಡೆಯಲ್ಲಿ ಯಾವುದೋ ಟ್ಯೂಷನ್ ಸೆಂಟರಿನ ಜಾಹೀರಾತಿತ್ತು. ಅದರ ಅಡಿಯಲ್ಲಿ ಸಣ್ಣದಾಗಿ ಬರೆದಿದ್ದ ಫೋನ್ ನಂಬರನ್ನು ಅವನು ಒಂದೊಂದೇ ಅಂಕಿಯಾಗಿ ಗಟ್ಟಿಯಾಗಿ ಓದಿದ. ಹತ್ತನೆಯ ಅಂಕಿಗೆ ಬರುವಾಗ ಅಳುತ್ತಿದ್ದ.

"ದಿನಾ ಬೆಳಿಗ್ಗೆ ಎದ್ದು, ಅಮ್ಮನ ಮುಖ ಕಾಣ್ತದಾ ಅಂತ ನೋಡ್ತಿದ್ದೆ. ಗೊತ್ತುಂಟಾ ನಿಂಗೆ?"

"ನಿನ್ನ ಜೊತೆ ಇನ್ನೊಂದು ಸ್ವಲ್ಪ ಹೊತ್ತು ಕೂರ್ಬೇಕಿತ್ತು, ಅಷ್ಟೇ. ನೀನಂದ್ರೆ ನಂಗೆ ಅಷ್ಟು ಇಷ್ಟ ಮಿಥುನ್."

"ಕೂತ್ಕೋ ಅಂದಿದ್ರೆ ಕೂರ್ತಿದ್ದೆ ಮಾರಾಯ್ತಿ. ಲ್ಯಾಬ್ ಬೀಗ ಹಾಕುವವರೆಗೂ ಕೂರ್ತಿದ್ದೆ." ಅವನು ಅಂಗೈಯಿಂದ ಕಣ್ಣು ಒರೆಸಿಕೊಂಡ. "ನನ್ನ ಕಣ್ಣಿಗಿಂತ ನಿನ್ನ ಕಣ್ಣನ್ನೇ ಹೆಚ್ಚು ನಂಬಿದ್ದೆ."

ಕ್ಷಮಿಸು ಎಂದಳು. ಕ್ಷಮಿಸಿದ್ದೇನೆ, ಆದರೆ ಇನ್ನು ನೀನು ಏನು ಹೇಳಿದರೂ ನಂಬುವುದು ಹೇಗೆ ಎಂದು ಗೊತ್ತಾಗುತ್ತಿಲ್ಲ ಎಂದ ಅವನು, ಮೆಲ್ಲಗೆ.

ಬೀಚ್ ಸ್ಟೇಷನ್ ಕಡೆಯ ಲೋಕಲ್ ಟ್ರೇನ್ ಬಂತು. ಮಿಥುನ್ ಹತ್ತಿ ಬಾಗಿಲಲ್ಲೇ ನಿಂತು ಅವಳನ್ನು ನೆಟ್ಟಗೆ ನೋಡಿದ. ಟ್ರೇನ್ ಅಲುಗಿದಾಗ ಮುಖ ತಿರುಗಿಸಿದ.

ಒಂದು ಸೆಕೆಂಡ್. ಎರಡು. ಸುತ್ತು ಮುಗಿಯಿತೆಂದು ಬರೆಯಬೇಕಾದ ಹೊತ್ತು.

ಬೋಗಿಗಳು ಒಂದೊಂದಾಗಿ ದಾಟಿಹೋದವು. ವೀಕ್ಷಾ ಇನ್ನೂ ಎಣಿಸುತ್ತಲೇ ಇದ್ದಳು.