ನಾಲ್ಕನೇ ಎಪಿಸೋಡಿಗೆ ಯಾವ ಸ್ಥಾನ?

"ನಾಲ್ಕನೇ ಎಪಿಸೋಡು ಕೊನೆಗೆ," ಎಂದಳು ಬಿಲ್ಯಾನ.

"ನಾಲ್ಕನೇದು ಮೊದಲಿಗೆ," ಎಂದ ಯಾವೊರ್, ಸೂರ್ಯಕಾಂತಿ ಬೀಜದ ಸಿಪ್ಪೆಯನ್ನು ಕಾಗದದ ಮೇಲೆ ಉಗುಳುತ್ತಾ.

ರೂಸೆ ಊರಿನ ಆ ಪುಟ್ಟ ವಾರಪತ್ರಿಕೆಯಲ್ಲಿ ಟೀವಿ ಪುಟ ಇವರಿಬ್ಬರದು. ಮಾಡದ ಕೊಲೆಗೆ ಜೈಲು ಸೇರಿದ ದೋಣಿ ಮೆಕ್ಯಾನಿಕ್ಕನ ಧಾರಾವಾಹಿ ಹೋದ ವಾರ ಮುಗಿದಿತ್ತು. ಅದರ ಹತ್ತು ಎಪಿಸೋಡುಗಳಿಗೆ ಸಂಜೆಯೊಳಗೆ ರ್‍ಯಾಂಕ್ ಕೊಡಬೇಕು. ಒಂಬತ್ತು ಸಲೀಸಾಗಿ ಸಾಲಾಗಿದ್ದವು.

ಸೋಮವಾರ ಯಾವೊರ್ ಹೊಸ ಕೆಲಸಕ್ಕೆಂದು ದೂರದ ವಾರ್ನಾ ಪಟ್ಟಣಕ್ಕೆ ಹೊರಡುತ್ತಾನೆ. ಜೊತೆಗೂಡಿ ಮಾಡುವ ಕೊನೆಯ ಪುಟ ಇದು. ಎದುರಿನ ಕುರ್ಚಿ ಖಾಲಿಯಾಗುವುದನ್ನು ನೆನೆಯಲೂ ಬಿಲ್ಯಾನಳಿಗೆ ಮನಸ್ಸಿಲ್ಲ. ಹಾಗಂತ ಹೇಳುವವಳಲ್ಲ. ಒಂದು ವರ್ಷದಿಂದ ಕೆಲಸದ ಮಾತು ಬಿಟ್ಟು ಬೇರೆ ಆಡಿದವಳೇ ಅಲ್ಲ.

ಕಾರಣ, ಆರು ಟ್ಯುಲಿಪ್ ಹೂಗಳು. ಹೋದ ಏಪ್ರಿಲಿನಲ್ಲಿ, ತನ್ನ ಹುಟ್ಟುಹಬ್ಬದ ಹಿಂದಿನ ದಿನ, ಜಗಳದ ಭರದಲ್ಲಿ 'ನಿನ್ನ ಬರಹಕ್ಕೆ ಜೀವವೇ ಇಲ್ಲ' ಎಂದು ಅವನಿಗೆ ಅಂದುಬಿಟ್ಟಿದ್ದಳು. ಮರುದಿನ ಅವನು ಹೂ ತಂದ. ಎಣಿಸಿದರೆ ಆರು. ಬೆಸ ಸಂಖ್ಯೆ ಬದುಕಿರುವವರಿಗೆ, ಸರಿ ಸಂಖ್ಯೆ ಶವಪೆಟ್ಟಿಗೆಗೆ. ಇದು ರೂಸೆಯ ಚಿಕ್ಕ ಮಕ್ಕಳಿಗೂ ಗೊತ್ತು. ಸೇಡು ತೀರಿಸಿಕೊಂಡ ಎಂದುಕೊಂಡ ಬಿಲ್ಯಾನ ಎಲ್ಲರೆದುರೇ ಹೂಗಳನ್ನು ಅವನ ಮೇಜಿನ ಮೇಲೆ ಎಸೆದು ಬಂದಿದ್ದಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಹುಟ್ಟುಹಬ್ಬದ ದಿನ ಅಷ್ಟು ತಾಳ್ಮೆ ಯಾರಿಗಿರುತ್ತದೆ!

"ನಾಲ್ಕರಲ್ಲಿ ಏನಿದೆ ಹೇಳು? ಬೇಕರಿ ಹೆಂಗಸು ಕಟಕಟೇಲಿ ನಿಂತು ಮೆಕ್ಯಾನಿಕ್ಕನ ಕಡೆ ಕೈ ತೋರಿಸಿ 'ಇವನೇ' ಅಂತಾಳೆ, ಮುಗೀತು," ಎಂದಳು ಬಿಲ್ಯಾನ.

"ಅವಳು ಸುಳ್ಳು ಹೇಳಲ್ಲ ಬಿಲ್ಯಾನ. ಕಂಡಿದ್ದನ್ನೇ ಹೇಳ್ತಾಳೆ. ಹತ್ತು ವರ್ಷದ ಪರಿಚಯ ಇದ್ರೂ ಅವನನ್ನ ಒಂದೇ ಒಂದು ಮಾತು ಕೇಳಲ್ಲ. ನೋಡ್ತಾ ನೋಡ್ತಾ ನನಗೆ ಊಟ ಸೇರಲಿಲ್ಲ."

ಅವನ ದೃಷ್ಟಿ ಕಂಪ್ಯೂಟರಿನ ಮೇಲೇ ಇತ್ತು. ಕಿವಿ ಮಾತ್ರ ಕೆಂಪಾಗಿತ್ತು. ಇದು ಬೇಕರಿ ಹೆಂಗಸಿನ ಮಾತಷ್ಟೇ ಅಲ್ಲ ಎಂದು ಬಿಲ್ಯಾನಳಿಗೆ ಹೊಳೆಯಿತು.

"ಆರೇ ಯಾಕೆ ತಂದೆ, ಯಾವೊರ್?"

ಬೀಜ ಒಡೆಯುವ ಸದ್ದು ನಿಂತಿತು.

"ಏಳು ಕೊಂಡಿದ್ದೆ. ಟ್ರಾಲಿಬಸ್ಸಿನ ನೂಕುನುಗ್ಗಲಲ್ಲಿ ಒಂದರ ಕತ್ತು ಮುರೀತು. ಮುರಿದಿದ್ದನ್ನ ಹೇಗೆ ಕೊಡೋದು ಅಂತ ಬಿಸಾಕಿದೆ. ಉಳಿದಿದ್ದು ಎಷ್ಟು ಅಂತ ತಲೇಗೇ ಹೋಗಲಿಲ್ಲ. ನಿನಗೆ ಏನು ಹೇಳ್ಬೇಕು ಅಂತ ದಾರಿಯುದ್ದಕ್ಕೂ ಉರು ಹೊಡೀತಾ ಬರ್ತಿದ್ದೆ."

"ಆವತ್ತೇ ಬಾಯಿ ಬಿಡೋಕೆ ಏನಾಗಿತ್ತು, ಕತ್ತೆ?"

"ನನ್ನನ್ನ ಅಷ್ಟು ಕೀಳು ಅಂದ್ಕೊಂಡ್ಯಲ್ಲ ಅಂತ ಸಿಟ್ಟು. ಸಿಟ್ಟು ಇಳಿಯೋ ಹೊತ್ತಿಗೆ ನೀನು ತಿರುಗಿ ನೋಡೋದನ್ನೂ ಬಿಟ್ಟಿದ್ದೆ."

ನಗಬೇಕೋ ಅಳಬೇಕೋ ತಿಳಿಯದೆ ಬಿಲ್ಯಾನ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದಳು. ಆಮೇಲೆ ನಾಲ್ಕನೇ ಎಪಿಸೋಡನ್ನು ಪಟ್ಟಿಯ ತಲೆಗೆ ಏರಿಸಿ ಪುಟ ಕಳಿಸಿದಳು.

"ತಪ್ಪು ನಂದು," ಎಂದಳು. "ನೀನಂದ್ರೆ ನನಗೆ ಆಗಲೂ ಇಷ್ಟ, ಈಗಲೂ ಇಷ್ಟ. ಏನು ಉರು ಹೊಡೀತಿದ್ದೆ, ಹೇಳು."

"ಇದನ್ನೇ. ನಂದು ಇನ್ನೂ ಸ್ವಲ್ಪ ಚೆನ್ನಾಗಿತ್ತು."

"ವಾರ್ನಾಗೆ ಹೋಗ್ಬೇಡ."

"ಸಹಿ ಹಾಕಾಯ್ತು ಬಿಲ್ಯಾನ. ಹೋಗಲೇಬೇಕು."

ವರ್ಷದಲ್ಲಿ ಮೊದಲ ಸಲ ಅವಳು ಅವನ ಮುಖವನ್ನು ಕಣ್ತುಂಬ ನೋಡಿದಳು. ಎಡಹುಬ್ಬಿನಲ್ಲಿ ಒಂದು ಬಿಳಿ ಕೂದಲು. ತಾನು ಮಾತು ಬಿಟ್ಟ ದಿನಗಳಲ್ಲೇ ಬಂದದ್ದಿರಬೇಕು.

"ಹೋಗು ಮತ್ತೆ. ಶನಿವಾರ ಬೆಳಗ್ಗೆ ರೈಲಿಗೆ ನಾನೇ ವಾರ್ನಾಗೆ ಬರ್ತೀನಿ. ಅಲ್ಲಿ ಸ್ಟೇಷನ್ನಿನಲ್ಲಿ ನನಗಾಗಿ ಯಾರಾದ್ರೂ ಕಾಯ್ತಾ ಇರ್ತಾರಾ?"

"ಇರ್ತಾನೆ," ಎಂದ ಯಾವೊರ್. "ಶುಕ್ರವಾರದಿಂದಲೇ."