ಹತ್ತದ ಕೆಂಪು ದೀಪ

“ತಳ್ಳಮ್ಮಾ, ಗಟ್ಟಿಯಾಗಿ ತಳ್ಳು. ಬೆಳಗ್ಗೆ ಏನೂ ತಿಂದಿಲ್ವಾ?” ಎಂದ ಫಲಾಫೆಲ್ ವಡೆ ಅಂಗಡಿಯ ಅಬು ಸಾರಿ.

“ತಿನ್ನೋಕೆ ಟೈಮ್ ಎಲ್ಲಿತ್ತು ಮಾಮ? ಎದ್ದಾಗಿಂದ ತಳ್ತಾನೇ ಇದೀನಿ,” ಎಂದಳು ಬಯಾನ್. ಅವಳ ಹಸಿರು ಸಮವಸ್ತ್ರದ ತೋಳಿಗೆ ಕಾರಿನ ಧೂಳು ಮೆತ್ತಿಕೊಂಡಿತ್ತು.

ಅಮ್ಮಾನ್ ನಗರದ ಆ ಗುಡ್ಡದ ಬೀದಿಯಲ್ಲಿ, ಕಾರನ್ನು ಮೇಲ್ತುದಿಯಲ್ಲಿ ನಿಲ್ಲಿಸಿದರೆ ಅರ್ಧ ಕೆಲಸವನ್ನು ಇಳಿಜಾರೇ ಮಾಡುತ್ತಿತ್ತು. ಉಳಿದರ್ಧಕ್ಕೆ ಬಯಾನ್ ಬೇಕಿತ್ತು. ಅಪ್ಪ ಸ್ಟಿಯರಿಂಗ್ ಹಿಡಿದಿದ್ದರು. ಪಕ್ಕದ ಸೀಟಿನಲ್ಲಿ ತಾತ ಮದುವೆ ದಿಬ್ಬಣಕ್ಕೆ ಹೊರಟವರ ಹಾಗೆ ನೆಟ್ಟಗೆ ಕುಳಿತಿದ್ದರು. ಒಂದು ಕಾಲಕ್ಕೆ ಅದು ಅವರದೇ ಕಾರು.

ಕಾರು ಇಳಿಜಾರಿನ ಬುಡ ಮುಟ್ಟಿತು, ಕೆಮ್ಮಿತು, ಸುಮ್ಮನಾಯಿತು.

ಅಂದು ಬಯಾನ್ ಶಾಲೆ ತಲುಪುವಷ್ಟರಲ್ಲಿ ಪ್ರಾರ್ಥನೆ ಮುಗಿದಿತ್ತು. ದಿನವೂ ಪ್ರಾರ್ಥನೆಯ ಹೊತ್ತಿಗೆ ಒಬ್ಬ ವಿದ್ಯಾರ್ಥಿನಿ ಮೈಕಿನ ಮುಂದೆ ನಿಂತು ‘ನಿಮಗೆ ಗೊತ್ತೇ?’ ಓದಬೇಕು. ಈ ವಾರ ಅದು ಬಯಾನಳ ಪಾಲಿಗೆ ಬಂದಿತ್ತು. ಆದರೆ ಅವಳು ಇನ್ನೂ ಒಂದು ಸಾಲನ್ನೂ ಓದಿರಲಿಲ್ಲ.

“ಶುಕ್ರವಾರ ರಜೆ. ಗುರುವಾರವೇ ಕೊನೇ ಚಾನ್ಸ್,” ಎಂದರು ಹಿಂದ್ ಮಿಸ್. “ಅವತ್ತೂ ಲೇಟಾದ್ರೆ ದಾನಾ ಓದ್ತಾಳೆ.”

“ಕಾರು, ಮಿಸ್...”

“ಕಾರಿನ ಕತೆ ನನಗೆ ಬಾಯಿಪಾಠ ಆಗಿದೆ, ಬಯಾನ್.”

ಸಂಜೆ ಬೀದಿಯವರೆಲ್ಲ ಕಾರಿನ ಸುತ್ತ ಸೇರಿದರು. ಹತ್ತು ಬಾಯಿ, ಹನ್ನೊಂದು ಮಾತು. ಬ್ಯಾಟರಿ ಖೋಟಾ ಎಂದ ಒಬ್ಬ. ಹೊಸ ಬ್ಯಾಟರಿ ಹಾಕಿ ತಿಂಗಳೂ ಆಗಿರಲಿಲ್ಲ. ದೃಷ್ಟಿ ತಗುಲಿದೆ, ಕನ್ನಡಿಗೆ ನೀಲಿ ಮಣಿ ಕಟ್ಟಿ ಎಂದ ಇನ್ನೊಬ್ಬ. ಮಣಿ ಆಗಲೇ ಅಲ್ಲಿ ನೇತಾಡುತ್ತಿತ್ತು.

“ಇನ್ನೊಂದನ್ನು ಕಟ್ಟಿ,” ಎಂದ ಅವನು, ಸೋಲೊಪ್ಪದೆ.

ಅಪ್ಪ ಕಾರಿನ ಬಾಗಿಲನ್ನು ದಡಾರನೆ ಮುಚ್ಚಿದರು. “ನಾಳೆ ಅಬು ಗಾಲಿಬ್ ಬಂದು ನೋಡ್ತಾನೆ. ಅವನ ಕೈಲೂ ಆಗದಿದ್ರೆ ಗುಜರಿಗೆ. ಮುಗೀತು.”

ತಾತ ಅಂಗಿಯ ತುದಿಯಿಂದ ಕಾರಿನ ಮೂತಿಯನ್ನು ಒರೆಸಿದರು.

ಅಬು ಗಾಲಿಬ್ ಕಾರಿನ ವೈರಿಂಗ್ ಕೆಲಸದವನು. ಅವನ ಕೈಗಿಂತ ಬಾಯಿ ಚುರುಕು. ಬುಧವಾರ ಮಧ್ಯಾಹ್ನ ಬಂದವನೇ ಬಾನೆಟ್ ಎತ್ತಿ, ಡೈನಮೊ ತಿರುಗಿಸುವ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದ.

“ನೋಡಿ, ನನ್ನಜ್ಜಿ ಲಂಗದ ಲಾಡಿ ಇದಕ್ಕಿಂತ ಬಿಗಿಯಾಗಿತ್ತು,” ಎಂದು ಬೆಲ್ಟನ್ನು ಎಳೆದು ಬಿಗಿ ಮಾಡಿದ. ಕಾರನ್ನು ತಳ್ಳಿಸಿ ಎಂಜಿನ್ ಚಾಲೂ ಮಾಡಿಸಿ, ಮೀಟರಿನ ಎರಡು ವೈರುಗಳನ್ನು ಬ್ಯಾಟರಿಗೆ ಮುಟ್ಟಿಸಿದ. “ಹನ್ನೆರಡು ವೋಲ್ಟ್. ಎಂಜಿನ್ ಓಡ್ತಿರೋವಾಗ ಹದಿನಾಲ್ಕರ ಹತ್ರ ಇರಬೇಕು. ಡೈನಮೊ ಕರೆಂಟೇ ಕೊಡ್ತಿಲ್ಲ. ಅದು ಸತ್ತಿದೆ.”

ಅಪ್ಪ ಗುಜರಿಯವನ ನಂಬರ್ ಹುಡುಕತೊಡಗಿದರು.

“ತಡೀರಿ, ಒಂದು ಬಾಕಿ ಇದೆ. ಸ್ಟಿಯರಿಂಗ್ ಮುಂದೆ ಕೂತು ಎಂಜಿನ್ ಆಫ್ ಮಾಡು ಬಯಾನ್. ಈಗ ಕೀ ಅರ್ಧ ತಿರುಗಿಸು. ಬ್ಯಾಟರಿ ಚಿತ್ರದ ಕೆಂಪು ದೀಪ ಹತ್ತಿತಾ?”

“ಇಲ್ಲ ಮಾಮ.”

“ಸರಿಯಾಗಿ ನೋಡು.”

“ಸರಿಯಾಗೇ ನೋಡ್ದೆ. ಆಯಿಲ್ ಚಿತ್ರದ ದೀಪ ಹತ್ತಿದೆ. ಅದು ಹತ್ತಿಲ್ಲ.”

“ಹತ್ತಲೇಬೇಕು.”

“ನೀವೇ ಬಂದು ಹತ್ತಿಸಿ ಹಾಗಾದ್ರೆ.”

ಅಬು ಗಾಲಿಬ್ ಗೊಣಗುತ್ತ ಬಂದು ಸ್ಟಿಯರಿಂಗ್ ಹಿಂದಿನ ಮೀಟರ್ ಫಲಕವನ್ನು ಬಿಚ್ಚಿದ. ಕೆಂಪು ದೀಪದ ಜಾಗ ಬಲ್ಬೇ ಇಲ್ಲದೆ ಬರಿದಾಗಿತ್ತು.

“ಹಾಲಿಗೆ ಹೆಪ್ಪು ಹಾಕದೆ ಮೊಸರಾಗುತ್ತಾ?” ಎಂದು ಅವನು ತಲೆ ಚಚ್ಚಿಕೊಂಡ. “ಈ ಹಳೇ ಕಾರಲ್ಲಿ ಈ ಬಲ್ಬಿನ ಮೂಲಕವೇ ಡೈನಮೊಗೆ ಮೊದಲ ಚೂರು ಕರೆಂಟ್ ಹೋಗಬೇಕು. ಆಮೇಲೇ ಅದು ಎಚ್ಚರಾಗೋದು. ಯಾರು ಮಹಾನುಭಾವರು ಇದನ್ನ ಕಿತ್ತಿದ್ದು?”

ಅಪ್ಪ ನೇರವಾಗಿ ಮಗಳ ಕಡೆ ತಿರುಗಿದರು. “ಬಯಾನ್, ಸೈನ್ಸ್ ಮಾಡೆಲ್‌ಗೆ ಬಲ್ಬ್ ಬೇಕು ಅಂತಿದ್ದೆ ಅಲ್ವಾ?”

ಬಯಾನಳ ಕಿವಿ ಬಿಸಿಯಾಯಿತು. ದಿನಾ ತಳ್ಳಿದವಳು ಅವಳು, ಮಿಸ್ ಹತ್ತಿರ ಬೈಸಿಕೊಂಡವಳು ಅವಳು, ಈಗ ಕಳ್ಳಿಯೂ ಅವಳೇ. ಉತ್ತರ ಕೊಡಲು ಬಾಯಿ ತೆರೆದಾಗ ತಾತ ಕಣ್ಣಿಗೆ ಬಿದ್ದರು. ಅವರ ಕೈಯಲ್ಲಿ ಜಪಮಣಿ ತಿರುಗುವುದು ನಿಂತುಹೋಗಿತ್ತು.

ಆಗ ಅವಳಿಗೆ ಹಿಂದಿನ ತಿಂಗಳು ನೆನಪಾಯಿತು. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಫಲಕದ ಈ ಕೆಂಪು ದೀಪ ಮಿನುಗುತ್ತಿತ್ತು. ಮಿನುಗಿದಾಗಲೆಲ್ಲ ಅಪ್ಪ, “ಇದನ್ನ ಮಾರಿಬಿಡಬೇಕು,” ಎನ್ನುತ್ತಿದ್ದರು. ಒಂದು ದಿನ ದೀಪ ಮಿನುಗುವುದು ನಿಂತಿತು, ಅಪ್ಪನ ಮಾತೂ ನಿಂತಿತು.

ಬಯಾನ್ ಬಾಯಿ ಮುಚ್ಚಿಕೊಂಡಳು.

“ಮಗೂ ಮೇಲೆ ಹೊರಿಸಬೇಡ,” ಎಂದರು ತಾತ. “ನಾನೇ ತೆಗೆದೆ.”

“ಅಪ್ಪಾ, ನೀವಾ? ಯಾಕೆ? ಏನಾದ್ರೂ ತೊಂದರೆ ಇದ್ರೆ ನನಗೆ ಹೇಳಬಾರದಿತ್ತಾ?”

“ಹೇಳೋ ಕೆಲಸ ಅದೇ ಮಾಡ್ತಿತ್ತಲ್ಲ. ಅದು ಹೇಳಿದಾಗೆಲ್ಲ ನೀನು ಮಾರ್ತೀನಿ ಅಂತಿದ್ದೆ.”

ಅಪ್ಪ ಫೋನನ್ನು ಜೇಬಿಗಿಳಿಸಿ, “ಬಲ್ಬ್ ಹಾಕಪ್ಪ ಅಬು ಗಾಲಿಬ್,” ಎಂದರು. ಹೊಸ ಬಲ್ಬ್ ಹಾಕಿ ಎಂಜಿನ್ ಓಡಿಸಿದಾಗ ಮೀಟರು ಹದಿನಾಲ್ಕು ತೋರಿಸಿತು. ಬ್ಯಾಟರಿಯನ್ನು ಅಬು ಗಾಲಿಬ್ ರಾತ್ರಿಯೆಲ್ಲ ಚಾರ್ಜಿಗೆ ಇಟ್ಟುಕೊಂಡು, ಬೆಳಿಗ್ಗೆ ತಂದು ಕೂರಿಸಿದ.

ಗುರುವಾರ ಕಾರು ಒಂದೇ ಸಲಕ್ಕೆ ಹೊರಟಿತು. ತಳ್ಳಲು ತೋಳೇರಿಸಿ ನಿಂತಿದ್ದ ಅಬು ಸಾರಿಗೆ ಕೊಂಚ ಬೇಸರವೇ ಆಯಿತು.

ಹಿಂದಿನ ಸೀಟಿನಲ್ಲಿ ಬಯಾನ್ ಹಾಳೆ ಹಿಡಿದು ಕುಳಿತಳು. ದೊಡ್ಡ ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಅಪ್ಪ ಮುಂದಿನ ಬಸ್ಸನ್ನು ನೋಡುತ್ತಿದ್ದರು. ಆಗ ಮೀಟರ್ ಫಲಕದ ಕೆಂಪು ದೀಪ ಒಮ್ಮೆ ಮಿನುಗಿತು, ಮತ್ತೊಮ್ಮೆ ಮಿನುಗಿತು.

ತಾತನೂ ಅದನ್ನು ಕಂಡರು. ಮೆಲ್ಲನೆ ಹಿಂದೆ ತಿರುಗಿ ಮೊಮ್ಮಗಳ ಮುಖ ನೋಡಿದರು.

ಹೇಳಿದರೆ ಅಪ್ಪ ಇಲ್ಲೇ ಕಾರು ನಿಲ್ಲಿಸಿ ಬಾನೆಟ್ ಎತ್ತಬಹುದು. ಆಗ ಮೈಕು ದಾನಾಳ ಪಾಲು. ಇಲ್ಲವೇ ಅಪ್ಪ ಮತ್ತೆ ಹಳೆಯ ಮಾತನ್ನೇ ತೆಗೆಯಬಹುದು. ಬಯಾನ್ ಹಾಳೆಯ ಮೂಲೆಯನ್ನು ಮಡಿಸಿದಳು, ಬಿಡಿಸಿದಳು.

“ಅಪ್ಪ, ಕೆಂಪು ದೀಪ ಮಿನುಗ್ತಿದೆ,” ಎಂದಳು.

ಅಪ್ಪ ದೀಪವನ್ನು ನೋಡಿದರು. ಪಕ್ಕದಲ್ಲಿ ಉಸಿರು ಹಿಡಿದು ಕುಳಿತ ತಾತನನ್ನೂ ನೋಡಿದರು.

“ಬೆಲ್ಟ್ ಇನ್ನೂ ಒಂದು ಸುತ್ತು ಬಿಗಿಯಾಗಬೇಕು ಅನ್ಸುತ್ತೆ,” ಎಂದರು. “ಸಂಜೆ ನಾವಿಬ್ಬರೂ ಕೂತು ಮಾಡೋಣ ಅಪ್ಪಾ. ಸ್ಪ್ಯಾನರ್ ಎಲ್ಲಿಟ್ಟಿದೀರೋ ಹುಡುಕಿಡಿ.”

“ಹುಡುಕೋದೇನು, ಇಲ್ಲೇ ಸೀಟಿನ ಕೆಳಗಿದೆ,” ಎಂದರು ತಾತ.

ಹಸಿರು ದೀಪ ಬಂತು, ಕಾರು ಮುಂದೆ ಸಾಗಿತು. ಬಯಾನ್ ಗಂಟಲು ಸರಿಪಡಿಸಿಕೊಂಡು ಓದತೊಡಗಿದಳು: “ನಿಮಗೆ ಗೊತ್ತೇ? ಜೇನುನೊಣಕ್ಕೆ ಐದು ಕಣ್ಣುಗಳಿವೆ...”

ಬೀದಿಯ ಹಾರ್ನುಗಳ ಗದ್ದಲದಲ್ಲಿ ಅವಳ ದನಿ ಕೇಳಿಸುತ್ತಿರಲಿಲ್ಲ. ತಾತ ಹಿಡಿಕೆ ತಿರುಗಿಸಿ, ತಮ್ಮ ಕಿಟಕಿಯ ಗಾಜನ್ನು ಮೇಲಕ್ಕೇರಿಸಿದರು.